ಅಜ್ಜಿಯನ್ನು ದಬ್ಬಿದ್ದು ಯಾರು?

ಆಗ ನಮ್ಮ ಕಡೆ ಮೋಟಾರೂ ಹೊಸದು, ವಿಜ್ಞಾನ ಕಲಿಸುವ ಮಾಸ್ತರಿಕೆಗೆ ನಾನೂ ಹೊಸಬ. ಗರಗದಿಂದ ಧಾರವಾಡಕ್ಕೆ ಹೊರಟ ಸರ್ವಿಸ್ ಮೋಟಾರಿನಲ್ಲಿ ಕೂತಿದ್ದೆ. ದಾರಿಗೆ ಎಮ್ಮೆಯೊಂದು ಅಡ್ಡ ಬಂತು; ಡ್ರೈವರ್ ಖಾಸೀಂ ಕಾಕಾ ಗಕ್ಕನೆ ಬ್ರೇಕು ಒತ್ತಿದ. ನನ್ನ ಮುಂದಿನ ಸೀಟಿನ ಅಜ್ಜಿ ನೂಲಿನ ಗಂಟಿನ ಸಮೇತ ಮುಗ್ಗರಿಸಿದಳು. ಸಾವರಿಸಿಕೊಂಡು ನನ್ನ ಕಡೆ ತಿರುಗಿದಳು.

“ಯಾಕೋ ತಮ್ಮಾ, ನನ್ನ ಯಾಕ ದಬ್ಬಿದಿ?”

“ನಾ ದಬ್ಬಿಲ್ಲರೀ ಯವ್ವಾ. ಯಾರೂ ದಬ್ಬಿಲ್ಲ. ಮೋಟಾರು ನಿಂತೈತಿ, ನಿಮ್ಮ ಮೈ ಇನ್ನೂ ಓಡಾಕತ್ತಿತ್ತು.”

“ಕುಂತಾಕಿ ನಾನು, ಓಡಾಕತ್ತಿದ್ನಂತ!”

ಮಂದಿಯೆಲ್ಲ ನನ್ನನ್ನು ದುರುಗುಟ್ಟಿ ನೋಡಿದರು. ಕಾಕಾನೂ, “ಮಾಸ್ತರ್ರ, ತಪ್ಪಾತು ಅಂದುಬಿಡ್ರಿ. ಇಲ್ಲಾಂದ್ರ ಇಳೀರಿ,” ಅಂದ. ಧಾರವಾಡ ಇನ್ನೂ ದೂರವಿತ್ತು. ಗಾಬರಿಯಲ್ಲಿ ಸಾಲಿಯ ಪಾಠವನ್ನೇ ಒಪ್ಪಿಸಿಬಿಟ್ಟೆ: ಓಡುವ ವಸ್ತು ಯಾರಾದರೂ ತಡೆಯುವ ತನಕ ಓಡುತ್ತಲೇ ಇರುತ್ತದೆ.

ಅಜ್ಜಿ ಗಂಟನ್ನು ತೊಡೆಯ ಮೇಲೆ ಸರಿಮಾಡಿಕೊಂಡಳು. “ಹಂಗನ್ನು ಮತ್ತ. ಹಿಡಿಕಿ ಬಿಟ್ಟ ಮ್ಯಾಲೂ ನನ್ನ ರಾಟಿ ಎರಡು ಸುತ್ತು ತಿರಗತೈತಿ. ಇಷ್ಟಕ್ಕ ಎಷ್ಟು ಮಾತೋ!”

ಆಮೇಲೆ ಪ್ರತಿ ವರ್ಷ ಆ ಪಾಠವನ್ನು ನೂಲುವ ರಾಟಿಯಿಂದಲೇ ಶುರು ಮಾಡಿದೆ. ಈಗ ನಿವೃತ್ತಿಯಾಗಿ ಎಷ್ಟೋ ದಿನವಾಯಿತು. ಆದರೂ ಬೆಳಿಗ್ಗೆ ಹತ್ತು ಹೊಡೆದರೆ, ಸಾಲಿಯ ಹೊತ್ತಾಯಿತೆಂದು ಕೋಟು ಹಾಕಿಕೊಂಡು ಬಾಗಿಲ ತನಕ ಹೋಗುತ್ತೇನೆ.

“ಎಲ್ಲಿಗ್ರಿ?” ಅನ್ನುತ್ತಾಳೆ ಹೆಂಡತಿ.

“ಎಲ್ಲಿಗೂ ಇಲ್ಲ. ಎರಡು ಸುತ್ತು ಉಳದಾವ,” ಅನ್ನುತ್ತೇನೆ.