ಪರದೆ ಎಳೆದ ತರಗತಿ

ಹೊಳೆನರಸೀಪುರದ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನದ ಟೀಚರಾಗಿದ್ದೆ. ದಿನಾ ಹಾಸನದಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಎರಡು ಸಾವಿರದ ದಶಕ ಮುಗಿಯುತ್ತಾ ಬಂದಾಗ ನಮ್ಮಲ್ಲಿಗೂ ಸ್ಮಾರ್ಟ್ ಬೋರ್ಡ್ ಬಂತು. ಒಂಬತ್ತನೇ ತರಗತಿಯ ಕರಿಹಲಗೆಯ ಮೇಲೆಯೇ ದೊಡ್ಡ ಬಿಳಿಹಲಗೆ ಕೂರಿಸಿ, ಚಾವಣಿಯಿಂದ ಪ್ರೊಜೆಕ್ಟರ್ ಇಳಿಬಿಟ್ಟರು. ಬೆರಳಿನಿಂದ ಮುಟ್ಟಿದರೆ ಚಿತ್ರ ತಿರುಗುತ್ತಿತ್ತು.

ಹೆಡ್‌ಮಾಸ್ಟರು ನನ್ನನ್ನು ಕರೆದು, "ಮೇಡಂ, ಮೂರು ತಿಂಗಳು ಇದರಲ್ಲೇ ಪಾಠ ಮಾಡಿ. ಉಪಯೋಗ ಇದೆಯೋ ಇಲ್ವೋ ಅಂತ ಒಂದು ವರದಿ ಕೊಡಿ. ಅದನ್ನ ನೋಡಿ ಕಮಿಟಿಯವರು ಮಿಕ್ಕ ಕ್ಲಾಸುಗಳಿಗೂ ಹಾಕಿಸ್ತಾರೆ" ಎಂದರು. ಅವರ ಮಾತಿನಲ್ಲೇ ವರದಿ ಏನಿರಬೇಕೆಂಬುದೂ ಇತ್ತು.

ಆ ಕೋಣೆಗೆ ಪೂರ್ವದ ಬಿಸಿಲು. ಕಿಟಕಿ ತೆರೆದರೆ ಹಲಗೆಯ ಮೇಲೆ ಏನೂ ಕಾಣುತ್ತಿರಲಿಲ್ಲ. ಸ್ಕೂಲ್ ಡೇ ವೇದಿಕೆಗೆ ಕಟ್ಟುತ್ತಿದ್ದ ಹಳೇ ದಪ್ಪ ಪರದೆಯನ್ನು ಉಗ್ರಾಣದಿಂದ ತಂದು ಕಿಟಕಿಗಳಿಗೆ ಇಳಿಬಿಡಿಸಿದರು. ಕಟ್ಟಿದವಳು ನಮ್ಮ ಶಾಲೆಯ ಆಯಾ. ಕೊಡವಿದಾಗ ಎದ್ದ ದೂಳಿಗೆ ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಒಗೆಸಬೇಕು ಅಂದುಕೊಂಡೆ. ಮರೆತೆ.

ಅವಳ ಮಗಳು ಅದೇ ತರಗತಿಯಲ್ಲಿದ್ದಳು. ಆ ಹುಡುಗಿಗೆ ಉಬ್ಬಸ. ಸೀಮೆಸುಣ್ಣದ ಪುಡಿ ತಾಕಿದರೆ ಕೆಮ್ಮು ಹತ್ತುತ್ತದೆಂದು ಅವಳನ್ನು ಕೊನೆಯ ಬೆಂಚಿನಲ್ಲಿ, ಕಿಟಕಿ ಪಕ್ಕ ಕೂರಿಸಿದ್ದೆ.

"ಇದ್ರಲ್ಲಿ ಸೀಮೆಸುಣ್ಣನೇ ಬ್ಯಾಡ್ವಂತಲ್ಲ ಮೇಡಮ್ಮೋರೆ," ಎಂದಳು ಆಯಾ, "ನನ್ ಮಗೀಗೆ ವಸಿ ಆರಾಮಾಯ್ತದೆ ಬುಡಿ."

ಮೊದಲ ವಾರಗಳು ನಿಜಕ್ಕೂ ಚೆನ್ನಾಗಿದ್ದವು. ಎಂದೂ ಬಾಯಿ ಬಿಡದ ಮಕ್ಕಳು ತಾವಾಗಿ ಎದ್ದುಬಂದು ಹಲಗೆ ಮುಟ್ಟುತ್ತಿದ್ದರು. ನಾನು ಹತ್ತು ವರ್ಷ ಹೇಳಿ ಹೇಳಿ ಸೋತಿದ್ದನ್ನು ಅರ್ಧ ನಿಮಿಷದ ಚಿತ್ರ ತಿಳಿಸಿಬಿಡುತ್ತಿತ್ತು. ಆಮೇಲೆ ಕ್ರಮೇಣ ಸದ್ದಡಗಿತು. ನೋಟ್‌ಬುಕ್ ತೆಗೆಯುವುದು ನಿಂತಿತು. ಪ್ರೊಜೆಕ್ಟರ್ ಬೆಳಕು ಕಣ್ಣಿಗೆ ಹೊಡೆದು ನನಗೆ ಮುಂದಿನ ಎರಡು ಸಾಲಿನ ಮುಖಗಳಷ್ಟೇ ಕಾಣುತ್ತಿದ್ದವು. ಅದರ ಹಿಂದೆ ಬರೀ ಕತ್ತಲೆ. ಆ ಕತ್ತಲೆಯ ಮೌನವನ್ನು ನಾನು ಶಿಸ್ತು ಅಂದುಕೊಂಡೆ.

ಒಂದು ದಿನ ಕೊನೆಯ ಬೆಂಚಿನ ಕಡೆಯಿಂದ ಆ ಹುಡುಗಿಯ ದನಿ ಬಂತು. "ಮಿಸ್, ಕಿಟಕಿ ತೆಗೀಲಾ?"

"ಐದು ನಿಮಿಷ ತಡ್ಕೊಮ್ಮ, ಮುಗೀತು" ಅಂದೆ. ಪಾಠ ಬೆಲ್ ಹೊಡೆಯುವವರೆಗೂ ನಡೆಯಿತು.

ಮರುದಿನ ಆಯಾ ಬಾಗಿಲಲ್ಲಿ ನಿಂತಿದ್ದಳು. "ಒಳೀಕೆ ಬಂದ್ರೆ ಗವ್ ಅಂತದೆ ಕಣವ್ವ. ಅವ್ಳು ಮನೇಲೂ ಕೆಮ್ತಾವ್ಳೆ. ಪರದೆ ಒಂಚೂರು ಸರಿಸ್ಬುಡ್ಲಾ?"

"ಸರಿಸಿದ್ರೆ ಬೋರ್ಡ್ ಕಾಣೋದಿಲ್ಲಮ್ಮ."

ಮಗಳು ಓದುವ ಶಾಲೆಯಲ್ಲೇ ಅವಳ ಕೆಲಸ. ಎರಡನೇ ಸಲ ಕೇಳಲಿಲ್ಲ.

ಅದಾದ ವಾರಕ್ಕೆ ಹೃದಯದ ಪಾಠ. ಹಲಗೆಯ ತುಂಬ ಕೆಂಪು ಹೃದಯ ಬಡಿದುಕೊಳ್ಳುತ್ತಿತ್ತು. ಸ್ಪೀಕರಿನಿಂದ ಲಬ್ ಡಬ್ ಎನ್ನುವ ಸದ್ದು ಗೋಡೆಗೆ ಬಡಿದು ಬರುತ್ತಿತ್ತು. ಕವಾಟ ತೆರೆಯುವುದನ್ನು ತೋರಿಸುತ್ತಾ ನನಗೇ ಮೈಮರೆತಂತಾಗಿತ್ತು. ಇದ್ದಕ್ಕಿದ್ದಂತೆ ಕರೆಂಟು ಹೋಯಿತು.

ಆಗ ಕೇಳಿಸಿತು. ಹಿಂದಿನಿಂದ ಸಣ್ಣಗೆ, ಸೀಟಿಯಂಥ ಸದ್ದು. ಎಳೆದೆಳೆದು ಬರುತ್ತಿತ್ತು, ನಡುವೆ ನಿಲ್ಲುತ್ತಿತ್ತು.

ಡೆಸ್ಕುಗಳಿಗೆ ಎಡವುತ್ತಾ ಓಡಿ ಪರದೆ ಕಿತ್ತೆಳೆದೆ. ಹುಡುಗಿ ಮುಂದಕ್ಕೆ ಬಾಗಿ ಎರಡೂ ಕೈಯಲ್ಲಿ ಬೆಂಚು ಬಿಗಿಹಿಡಿದಿದ್ದಳು. ತುಟಿ ನೀಲಿಗಟ್ಟಿತ್ತು. ಪಕ್ಕದವಳು ಅಳುತ್ತಾ, "ನಿದ್ದೆ ಮಾಡ್ತಾವ್ಳೆ ಅಂದ್ಕಂಡೆ ಮಿಸ್" ಎಂದಳು.

ಆಟೋದಲ್ಲಿ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದೆವು. ಮಗಳ ಬೆನ್ನು ನೀವುತ್ತಿದ್ದ ಆಯಾ ನನ್ನ ಕಡೆ ತಿರುಗದೆ ಕೇಳಿದಳು: "ಒಂದೇ ಕ್ವಾಣೇಲಿ ಇದ್ರಲ್ಲ ಮೇಡಮ್ಮೋರೆ, ಕೇಳುಸ್ನಿಲ್ವಾ?"

ಆಸ್ಪತ್ರೆಯಲ್ಲಿ ಮೂಗಿಗೆ ಮಾಸ್ಕ್ ಹಾಕಿ ಔಷಧಿಯ ಹಬೆ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಉಸಿರು ಹದಕ್ಕೆ ಬಂತು. "ಇನ್ನೊಂದು ಸ್ವಲ್ಪ ತಡವಾಗಿದ್ರೆ ಕಷ್ಟ ಇತ್ತು" ಎಂದರು ಡಾಕ್ಟರು.

ವರದಿ ಬರೆಯಲು ಕೂತಾಗ ಹೆಡ್‌ಮಾಸ್ಟರು ಬಂದು, "ಅದು ಕಾಯಿಲೆ ವಿಷಯ ಮೇಡಂ. ನೀವು ಬೋರ್ಡಿನ ವಿಷಯ ಬರೀರಿ" ಎಂದರು.

ನಾನು ಎರಡನ್ನೂ ಬರೆದೆ. ಹೃದಯ ಹೇಗೆ ಕೆಲಸ ಮಾಡುತ್ತದೆಂದು ಮಕ್ಕಳಿಗೆ ನನಗಿಂತ ಆ ಹಲಗೆ ಚೆನ್ನಾಗಿ ತೋರಿಸಿತು. ಅದೇ ಹೊತ್ತಿನಲ್ಲಿ ಕೊನೆಯ ಬೆಂಚು ನನಗೆ ಕಾಣಲೂ ಇಲ್ಲ, ಕೇಳಿಸಲೂ ಇಲ್ಲ. ಗಾಳಿಬೆಳಕು ಮುಚ್ಚದೆ ಪಾಠ ನಡೆಸುವಂತಾಗುವವರೆಗೆ ಬೇರೆ ಕೋಣೆಗಳಿಗೆ ಇದು ಬೇಡ. ಹುಡುಗಿಗೆ ಆದದ್ದನ್ನೂ, ಅವಳು ಕಿಟಕಿ ತೆಗೆಯಲು ಕೇಳಿದಾಗ ನಾನು ತೆಗೆಯಗೊಡದಿದ್ದನ್ನೂ ಸೇರಿಸಿದೆ. ಹೆಡ್‌ಮಾಸ್ಟರು ಕೊನೆಯ ಹಾಳೆಯನ್ನು ಎರಡು ಸಲ ಓದಿ ಡ್ರಾಯರಿನೊಳಗೆ ಇಟ್ಟರು.

ದಸರಾ ರಜೆ ಮುಗಿಸಿ ಬಂದಾಗ ಇನ್ನೂ ಮೂರು ಕೋಣೆಗಳಿಗೆ ಬೋರ್ಡ್ ಬಂದಿತ್ತು. ಹತ್ತನೇ ತರಗತಿಗೂ. ಪರದೆಗಳಿರಲಿಲ್ಲ. ಕಿಟಕಿಗಳಿಗೆ ಒಳಗಿನಿಂದ ಪ್ಲೈವುಡ್ ಬಡಿದು ಕಪ್ಪು ಬಣ್ಣ ಹೊಡೆದಿದ್ದರು. ಬಣ್ಣದ ವಾಸನೆ ಇನ್ನೂ ಬರುತ್ತಿತ್ತು. ಆಯಾ ಪೊರಕೆ ಹಿಡಿದು ಆ ಮುಚ್ಚಿದ ಕಿಟಕಿಗಳನ್ನೇ ನೋಡುತ್ತಾ ನಿಂತಿದ್ದಳು.

ಮುಂದಿನ ವರ್ಷ ಹುಡುಗಿ ಹತ್ತನೇ ತರಗತಿಗೆ ಬಂದಳು. ಅವಳನ್ನು ಬಾಗಿಲ ಪಕ್ಕ ಕೂರಿಸಿ, ಬಾಗಿಲು ಪೂರ್ತಿ ತೆರೆದಿಟ್ಟು ನಾನು ಕೊನೆಯ ಬೆಂಚಿನ ಹಿಂದೆ ನಿಂತೆ. ಹಲಗೆ ಮುಟ್ಟುವ ಕೆಲಸ ಮಕ್ಕಳದು. ನಾನು ಪಾಠ ಹೇಳುತ್ತಾ ಅವರ ಉಸಿರು ಕೇಳಿಸಿಕೊಳ್ಳುತ್ತಿದ್ದೆ. ವರಾಂಡದ ಬೆಳಕು ಬಿದ್ದು ಚಿತ್ರ ಅರ್ಧ ಮಸುಕಾಗುತ್ತಿತ್ತು. ಮಕ್ಕಳು ಗೊಣಗಿದರು. ಹೆಡ್‌ಮಾಸ್ಟರು ಎರಡು ಸಲ ಬಂದು ಬಾಗಿಲು ಎಳೆದುಕೊಂಡು ಹೋದರು. ಎರಡು ಸಲವೂ ಎದ್ದುಹೋಗಿ ತೆರೆದವಳು ಆ ಹುಡುಗಿಯೇ.