ಇಂಡಿಯವರ ಆಟ

ಶ್ರಾವಣಕ್ಕೆ ಇನ್ನು ನಾಲ್ಕು ದಿನ ಇದೆ ಅನ್ನುವಾಗ ದೇವರ ಜಗಲಿ ಒರೆಸುವುದು ನಮ್ಮ ಮನೆಯ ಪದ್ಧತಿ. ಅತನೂರಿನ ನಮ್ಮ ಮನೆಯಲ್ಲಿ ಜಗಲಿ ಅಂದರೆ ಅಂಥ ದೊಡ್ಡದೇನಲ್ಲ. ಗೋಡೆಯಲ್ಲಿ ಒಂದು ಮಾಡ, ಅದರ ಕೆಳಗೆ ಒಂದು ಹಲಗೆ. ಈ ಸಲ ಹಲಗೆಯ ಹಿಂದಿನ ಮೂಲೆಗೆ ಕೈ ಹಾಕಿದಾಗ ಬಿಳಿ ಬಟ್ಟೆಯಲ್ಲಿ ಸುತ್ತಿದ ಗಂಟೊಂದು ಸಿಕ್ಕಿತು. ಬಿಚ್ಚಿದೆ. ವಿಭೂತಿಯ ವಾಸನೆ ಬಂತು. ಒಳಗಿದ್ದದ್ದು ವಿಡಿಯೊ ಗೇಮ್ ಆಡುವ ರಿಮೋಟು.

ನೀವು ನಗುವ ಮೊದಲೇ ಹೇಳಿಬಿಡುತ್ತೇನೆ, ಅದನ್ನು ಅಲ್ಲಿಟ್ಟವರು ನಮ್ಮ ಅತ್ತೆ. ತಪ್ಪಿ ಇಟ್ಟದ್ದಲ್ಲ. ಅವರು ಯಾವುದನ್ನೂ ತಪ್ಪಿ ಇಡುತ್ತಿರಲಿಲ್ಲ.

ಅತ್ತೆಯ ತವರು ಭೀಮಾ ಹೊಳೆಯ ಆಚೆ, ಇಂಡಿ ತಾಲೂಕಿನ ಒಂದು ಹಳ್ಳಿ. ಹದಿನಾರನೆಯ ವಯಸ್ಸಿಗೆ ಹೊಳೆ ದಾಟಿ ಬಂದವರು ಅರವತ್ತು ವರ್ಷ ಈ ಮನೆಯಲ್ಲಿ ಬಾಳಿದ್ದರೂ ಮನಸ್ಸಿನ ಒಂದು ಕಾಲು ಆ ದಂಡೆಯಲ್ಲೇ ಇತ್ತು. ನಿಂಬೆಹಣ್ಣು ಇಂಡಿಯದೇ ಆಗಬೇಕು. ಎಮ್ಮೆ ಇಂಡಿ ಕಡೆಯದಾದರೆ ಒದೆಯುವುದಿಲ್ಲ. ಮಳೆ ಆ ಕಡೆಯಿಂದ ಬಂದರೆ ಮಾತ್ರ ನಿಂತು ಸುರಿಯುತ್ತದೆ, ಬೇರೆ ಕಡೆಯಿಂದ ಬಂದದ್ದು ಸುಮ್ಮನೆ ಬಂದು ಹೋಗುತ್ತದೆ. ನಾನು ಆಳಂದ ತಾಲೂಕಿನ ಕಿಣ್ಣಿ ಸುಲ್ತಾನದವಳು. ಮದುವೆಯಾದ ಹೊಸತರಲ್ಲಿ ನಾನು ಮಾಡಿದ ಸಾರನ್ನು ಉಂಡು, ನಿನ್ನ ತಾಯಿಯ ಕಡೆ ಯಾರಾದರೂ ಇಂಡಿಯವರಿದ್ದಾರೇನು ಎಂದು ಕೇಳಿದ್ದರು. ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ. ಅಷ್ಟು ಸಿಕ್ಕಿದ್ದೇ ಪುಣ್ಯ.

ಐದು ವರ್ಷದ ಹಿಂದೆ ಅವರಿಗೆ ಲಕ್ವಾ ಹೊಡೆಯಿತು. ಕಲಬುರಗಿಯ ದವಾಖಾನೆಯಲ್ಲಿ ಹನ್ನೊಂದು ದಿನ ಇದ್ದೆವು. ಮಾತು ಉಳಿಯಿತು, ಇದು ಮೊದಲನೆಯ ಕೃಪೆ. ಎಳೆದುಕೊಂಡಾದರೂ ನಡೆಯುವಷ್ಟು ಕಾಲು ಬಂತು, ಎರಡನೆಯದು. ಎಡಗೈ ಮಾತ್ರ ಬರಲಿಲ್ಲ. ಬಲಗೈ ಅಲ್ಲವಲ್ಲ, ಉಣ್ಣಲಿಕ್ಕೆ ತೊಂದರೆಯಿಲ್ಲ ಎಂದು ನೋಡಲು ಬಂದವರೆಲ್ಲ ಸಮಾಧಾನ ಹೇಳಿದರು. ನಮ್ಮಲ್ಲಿ ಇಷ್ಟಲಿಂಗವನ್ನು ಇಟ್ಟು ಪೂಜಿಸುವುದು ಎಡ ಅಂಗೈಯ ಮೇಲೆ. ಕೊರಳಲ್ಲಿ ಕಟ್ಟಿಕೊಂಡಿರುವ ಲಿಂಗವನ್ನು ಬೆಳಿಗ್ಗೆ ಬಿಚ್ಚಿ, ಅಂಗೈಯಲ್ಲಿಟ್ಟು, ನೀರು, ವಿಭೂತಿ, ಪತ್ರೆ ಏರಿಸಿ, ಕಣ್ಣಿಟ್ಟು ನೋಡುತ್ತ ಕೂರಬೇಕು. ನಿಮ್ಮ ಲಿಂಗವನ್ನು ನಿಮ್ಮ ಪರವಾಗಿ ಇನ್ನೊಬ್ಬರು ಹಿಡಿಯುವಂತಿಲ್ಲ. ಅತ್ತೆ ಪೂಜೆಯಾಗದೆ ನೀರೂ ಮುಟ್ಟುವವರಲ್ಲ.

ಅವರ ನಾಲ್ಕು ಬೆರಳು ಹೇಗೋ ನಿಲ್ಲುತ್ತಿದ್ದವು. ಹೆಬ್ಬೆರಳು ಜೋತುಬಿದ್ದಿತ್ತು. ಲಿಂಗ ಆ ಕಡೆಗೇ ಜಾರುತ್ತಿತ್ತು. ಹಾಗಾಗಿ ನಾನು ಎದುರಿಗೆ ಕೂತು ಅವರ ಅಂಗೈ ಕೆಳಗೆ ನನ್ನ ಅಂಗೈ ಕೊಡುತ್ತಿದ್ದೆ. ಲಿಂಗವನ್ನು ಮುಟ್ಟುತ್ತಿರಲಿಲ್ಲ, ಕೈಯನ್ನು ಮಾತ್ರ. ಹೀಗೆ ಒಂದು ವಾರ ನಡೆಯಿತು. ಎಂಟನೆಯ ದಿನ ಅತ್ತೆ ನನ್ನ ಮುಖ ನೋಡಿದರು.

"ನಿನ್ನ ಕೈ ಮ್ಯಾಲ ನನ್ನ ಕೈ, ನನ್ನ ಕೈ ಮ್ಯಾಲ ಲಿಂಗ. ಹಂಗಾದ್ರ ಇದು ಯಾರ ಪೂಜಿ ಬೇ?"

ನಾನು ರೊಟ್ಟಿ ಬಡಿಯಲು ಎದ್ದೆ.

ಮರುದಿನ ನಾನು ಬರುವ ಮೊದಲೇ ಒಬ್ಬರೇ ಪೂಜೆಗೆ ಕೂತಿದ್ದಾರೆ. ಲಿಂಗ ಜಾರಿತು. ಬಿದ್ದದ್ದು ಉಡಿಯೊಳಗೆ, ನೆಲಕ್ಕಲ್ಲ. ಇದು ಮೂರನೆಯ ಕೃಪೆ, ಇದನ್ನು ಇವತ್ತಿಗೂ ಮರೆತಿಲ್ಲ. ಆದರೆ ಅಂದಿನಿಂದ ಅವರು ಲಿಂಗವನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಕೊರಳಲ್ಲಿದ್ದದ್ದನ್ನು ಸೆರಗಿನ ಮೇಲಿಂದಲೇ ಬಲಗೈಯಿಂದ ಮುಟ್ಟಿ ಕಣ್ಣು ಮುಚ್ಚುತ್ತಿದ್ದರು. ಊಟ ಒಂದೇ ರೊಟ್ಟಿಗೆ ಇಳಿಯಿತು. ಎರಡನೆಯದು ಬಡಿಸಲು ಹೋದರೆ, ಅರ್ಧ ಪೂಜೆಯವಳಿಗೆ ಅರ್ಧ ಊಟ ಸಾಕು ಎಂದರು. ಹೀಗೇ ಬಿಟ್ಟರೆ ಇವರು ಉಳಿಯುವುದಿಲ್ಲ ಎಂದು ನನಗೆ ಅನ್ನಿಸಿತು. ಘತ್ತರಗಿಯ ಭಾಗ್ಯವಂತಿಗೆ ಹರಕೆ ಹೊತ್ತೆ. ದವಾಖಾನೆಯವರು ಹೆಬ್ಬೆರಳಿಗೆ ಕಸರತ್ತು ಬೇಕೆಂದು ರಬ್ಬರಿನ ಚಂಡು ಕೊಟ್ಟಿದ್ದರು. ದಿನಕ್ಕೆ ನೂರು ಸಲ ಒತ್ತಬೇಕಂತೆ. ಅತ್ತೆ ಅದನ್ನು ನೋಡಿ, ಲಿಂಗ ಹಿಡಿದ ಕೈಯಲ್ಲಿ ಚಂಡು ಹಿಡಿಯಲೇನು ಎಂದು ಕೇಳಿದರು. ಚಂಡು ಕಿಟಕಿಯಲ್ಲಿ ಕೂತು ಬಿಸಿಲು ಕಾಯಿತು.

ದೀಪಾವಳಿಗೆ ನನ್ನ ಮಗಳು ಭಾಗ್ಯಾ ಬಂದಳು. ಆಗ ಕಲಬುರಗಿಯಲ್ಲಿ ಡಿಗ್ರಿ ಓದುತ್ತಿದ್ದಳು. ಬಂದವಳೇ ತನ್ನ ಲ್ಯಾಪ್‌ಟಾಪಿನ ವೈರನ್ನು ಟಿವಿಗೆ ಸಿಕ್ಕಿಸಿ, ರಿಮೋಟು ಹಿಡಿದು, ಏನನ್ನೋ ಆಡುತ್ತ ಕೂತಳು. ನಾನು ಅಡುಗೆಮನೆಯಲ್ಲಿ ಹಿಟ್ಟು ಕಲಸುತ್ತಿದ್ದೆ. ಹೊರಗೆ ನಡೆದ ಮಾತು ಸ್ಪಷ್ಟ ಕೇಳುತ್ತಿತ್ತು.

"ಏನಬೇ ಅದು?"

"ಇಂಡಿ ಗೇಮ್, ಆಯಿ."

ಮಂಚ ಕಿರುಗುಟ್ಟಿತು, ಅತ್ತೆ ಎದ್ದು ಕೂತಿರಬೇಕು.

"ಇಂಡೀದಾ?"

"ಹೂಂ. ದೊಡ್ಡ ಕಂಪನಿಯವರದಲ್ಲ. ಇಬ್ಬರೋ ಮೂವರೋ ಮನ್ಯಾಗ ಕುಂತು ಮಾಡಿರ್ತಾರ."

"ನಮ್ಮ ಕಡಿಯವರು ಹಂಗ. ಯಾರ ಕೈ ಕೆಳಗೂ ಇರಂಗಿಲ್ಲ."

ಆಮೇಲೆ ಭಾಗ್ಯಾ ಅಡುಗೆಮನೆಗೆ ಬಂದು, ಇಂಡಿ ಅಂದರೆ ಊರಲ್ಲ, ಕಂಪನಿಯ ಹಂಗಿಲ್ಲದೆ ಸ್ವಂತ ಮಾಡಿದ ಆಟಕ್ಕೆ ಜಗತ್ತಿನಲ್ಲೆಲ್ಲ ಹಾಗನ್ನುತ್ತಾರೆ, ಈ ಆಟ ಮಾಡಿದ ಇಬ್ಬರು ಯಾವುದೋ ಹಿಮ ಬೀಳುವ ದೇಶದವರು ಎಂದು ವಿವರಿಸಿದಳು. ಆಗಲೇ ಹೋಗಿ ತಿದ್ದಬಹುದಿತ್ತು. ಕೈಗೆ ಹಿಟ್ಟು ಮೆತ್ತಿತ್ತು. ಹೋಗಲಿಲ್ಲ.

ಆಟ ಇಷ್ಟೇ. ಬೆರಳೆತ್ತರದ ಒಬ್ಬ ಸಣ್ಣ ಮನುಷ್ಯ ಅಂಗೈಯಲ್ಲಿ ದೀಪ ಇಟ್ಟುಕೊಂಡು ಕತ್ತಲ ಗವಿಯಲ್ಲಿ ಹೋಗುತ್ತಾನೆ. ಕಲ್ಲಿನಿಂದ ಕಲ್ಲಿಗೆ ಜಿಗಿಯಬೇಕು. ಕೆಳಗೆ ಮುಳ್ಳು, ನಡುವೆ ಪ್ರಾಣಿಗಳು. ಹೊಡೆಯಲು ಇನ್ನೊಂದು ಕೈಯಲ್ಲಿ ಕೋಲಿದೆ. ಬಿದ್ದರೆ ದೀಪ ಆರುತ್ತದೆ, ಹಿಂದಿನ ದೀಪಗಂಬದ ಹತ್ತಿರ ಮತ್ತೆ ಎದ್ದು ನಿಲ್ಲುತ್ತಾನೆ. ಅತ್ತೆ ಅವನಿಗೆ ಸಣ್ಣಪ್ಪ ಎಂದು ಹೆಸರಿಟ್ಟರು. ದೀಪ ಎಡಗೈಯಲ್ಲಿದೆ ಎಂಬುದನ್ನು ಮೊದಲು ಕಂಡವರೂ ಅವರೇ. ಭಾಗ್ಯಾ ಅವನನ್ನು ಮೂರನೆಯ ಸಲ ಮುಳ್ಳಿಗೆ ಕೆಡವಿ, ಸತ್ತ ಎಂದಾಗ ಅತ್ತೆಗೆ ತಡೆಯಲಾಗಲಿಲ್ಲ.

"ಸತ್ತ ಅನಬ್ಯಾಡ. ಲಿಂಗೈಕ್ಯ ಆದ ಅನ್ನು. ಕೊಡ ಇಲ್ಲಿ, ಕೆಡಿವಿ ಕೆಡಿವಿ ಇಡಾಕತ್ತಿ ಅವನ್ನ."

ರಿಮೋಟಿನಲ್ಲಿ ನಡೆಸುವ ಗುಂಡಿ ಎಡ ಹೆಬ್ಬೆರಳಿಗೆ, ಜಿಗಿಸುವುದು ಬಲ ಹೆಬ್ಬೆರಳಿಗೆ. ಅತ್ತೆ ರಿಮೋಟನ್ನು ತೊಡೆಯ ಮೇಲಿಟ್ಟು, ಬಲಗೈಯಿಂದ ಎಡ ಹೆಬ್ಬೆರಳನ್ನು ಎತ್ತಿ ಗುಂಡಿಯ ಮೇಲೆ ಕೂರಿಸಿದರು. ಹೆಬ್ಬೆರಳು ಕೂತಲ್ಲೇ ಕೂತಿತು. ಸಣ್ಣಪ್ಪ ನಿಂತಲ್ಲೇ ನಿಂತ. ಇಬ್ಬರೂ ಒಂದು ತಾಸು ಹಾಗೇ ಇದ್ದರು. ನಾಲ್ಕನೆಯ ದಿನ ಸಣ್ಣಪ್ಪ ಎರಡು ಹೆಜ್ಜೆ ಇಟ್ಟು ಲಿಂಗೈಕ್ಯನಾದ. ಅತ್ತೆ ಬೆವರು ಒರೆಸಿಕೊಂಡು, ಅಂವ ಮತ್ತ ಎದ್ದ ನೋಡು, ಎಂದರು. ಭಾಗ್ಯಾ ಕಾಲೇಜಿಗೆ ಹೋಗುವಾಗ ಲ್ಯಾಪ್‌ಟಾಪನ್ನು ಬಿಟ್ಟೇ ಹೋದಳು. ಓದಿಗೆ ಗೆಳತಿಯದಿದೆ ಎಂದಳು. ನಾನು ಹೆಚ್ಚು ಕೇಳಲಿಲ್ಲ.

ಅತ್ತೆಯ ಆಟಕ್ಕೆ ಅವರದೇ ನೇಮಗಳಿದ್ದವು. ಸಣ್ಣಪ್ಪ ಹಿಂದಕ್ಕೆ ತಿರುಗಿದರೆ ಚಿತ್ರ ಮಗುಚಿ ದೀಪ ಬಲಗೈಗೆ ಬರುತ್ತದೆ. ಅತ್ತೆಗೆ ಅದು ಒಪ್ಪಿಗೆಯಾಗಲಿಲ್ಲ. ಹೀಗಾಗಿ ಅವನು ಮುಂದಕ್ಕೆ ಮಾತ್ರ ನಡೆದ. ದಾರಿಯಲ್ಲಿ ಏನು ಬಿಟ್ಟುಹೋದರೂ, ಬಂಗಾರದ ಹರಳಿದ್ದರೂ, ಹಿಂದಿರುಗಿ ತರಲಿಲ್ಲ. ಇನ್ನೊಂದು ನೇಮ, ಕೋಲಿನ ಗುಂಡಿ ಮುಟ್ಟುವುದಿಲ್ಲ. ಬಾವಲಿ ಬಂದರೆ ಬಗ್ಗುವುದು, ಚೇಳು ಬಂದರೆ ಮೇಲಿಂದ ಹಾರುವುದು. ಜೇವರ್ಗಿಯಿಂದ ನನ್ನ ನಾದಿನಿ ತಾಯಿಯನ್ನು ನೋಡಲು ಬಂದವಳು ಬಾಗಿಲಲ್ಲೇ ನಿಂತು, "ವೈನಿ, ಅವ್ವಗ ಇದೇನ ಹಚ್ಚೀರಿ?" ಎಂದು ನನ್ನನ್ನು ಕೇಳಿದಳು. ಒಂದು ತಾಸಿನ ಮೇಲೆ ತನಗೂ ಒಂದು ಸಲ ಕೊಡು ಎಂದು ತಾಯಿಯನ್ನು ಕೇಳಿದಳು. ಅವಳು ಬಂದ ಚೇಳಿಗೆಲ್ಲ ಕೋಲು ಬೀಸಿದಳು. ಅತ್ತೆ ರಿಮೋಟು ಕಸಿದುಕೊಂಡರು.

ಒಂದು ಸೋಮವಾರ ಅತ್ತೆ ಇದ್ದಕ್ಕಿದ್ದಂತೆ, ಈ ಆಟದವರು ಇಂಡಿಯಲ್ಲಿ ಯಾವ ಕಡೆ ಇರುತ್ತಾರೆ ಎಂದು ಕೇಳಿದರು. ಅಲ್ಲಿಯವರೆಗೆ ನಾನು ನಿಜ ಹೇಳಿರಲಿಲ್ಲ ಅಷ್ಟೇ, ಸುಳ್ಳು ಹೇಳಿರಲಿಲ್ಲ. ಆಗಷ್ಟೇ ಪೂಜೆ ಮುಗಿಸಿ ಎದ್ದಿದ್ದೆ, ಹಣೆಯ ವಿಭೂತಿ ಇನ್ನೂ ಹಸಿ ಇತ್ತು.

"ಬಸ್ ಸ್ಟ್ಯಾಂಡ್ ಕಡಿಗಂತರಿ ಅತ್ತಿ," ಅಂದೆ.

ಹುಷಾರ ಮಂದಿ, ಓಡಾಡಲಿಕ್ಕೆ ಅನುಕೂಲ ಎಂದು ಅವರು ತಲೆಯಾಡಿಸಿದರು.

ಗವಿಯ ಕೊನೆಯಲ್ಲಿ ಒಂದು ದೊಡ್ಡ ಪ್ರಾಣಿ ದಾರಿ ಕಟ್ಟಿ ನಿಂತಿರುತ್ತದೆ. ಮೈಯೆಲ್ಲ ಮುಳ್ಳು. ಕೋಲಿನಿಂದ ಹೊಡೆಯದೆ ಅದು ಜರಗುವುದಿಲ್ಲ ಎಂದು ಭಾಗ್ಯಾ ಫೋನಿನಲ್ಲಿ ಹೇಳಿದಳು. ಅದರ ಗವಿಗೆ ನಾವು ಹೊಕ್ಕಿದ್ದೇವೆ, ಅದನ್ನು ಯಾಕೆ ಹೊಡೆಯಬೇಕು ಎಂದು ಅತ್ತೆ ಕೇಳಿದರು. ಮೂರು ವಾರ ಅದೇ ಗವಿ. ಪ್ರಾಣಿ ಮೈಮೇಲೆ ಬರುವುದು, ಸಣ್ಣಪ್ಪ ಅದರ ತಲೆಯ ಮೇಲಿಂದ ಹಾರುವುದು. ಅದು ಆ ಕಡೆ ಹೋಗಿ ತಿರುಗಿ ಬರುತ್ತಿತ್ತು, ಇವನು ಹಾಗೇ ಹಿಂದಕ್ಕೆ ಸರಿದು ಜಾಗ ಮಾಡಿಕೊಳ್ಳುತ್ತಿದ್ದ. ಆ ಗವಿಯಲ್ಲಿ ದೀಪ ಕ್ಷಣಕ್ಕೊಮ್ಮೆ ಬಲಗೈಗೆ ಹೋಗಿ ಬಂತು. ಜೀವ ಉಳಿಸುವಾಗ ನಡೆಯುತ್ತದೆ ಎಂದು ಅತ್ತೆ ಆ ನೇಮವನ್ನು ಸಡಿಲಿಸಿದರು. ಕೋಲಿನದನ್ನು ಸಡಿಲಿಸಲಿಲ್ಲ. ಲಿಂಗೈಕ್ಯನಾದದ್ದಕ್ಕೆ ಲೆಕ್ಕವಿಲ್ಲ. ಹೆಬ್ಬೆರಳು ಮಾತ್ರ ಆ ಕಡೆ ಈ ಕಡೆ, ಆ ಕಡೆ ಈ ಕಡೆ. ಅದನ್ನು ನಾನು ನೋಡುತ್ತಿದ್ದೆ. ಅತ್ತೆ ನೋಡುತ್ತಿರಲಿಲ್ಲ, ಅವರ ಕಣ್ಣು ಸಣ್ಣಪ್ಪನ ಮೇಲಿತ್ತು.

ಒಂದು ಮಧ್ಯಾಹ್ನ ಆ ಪ್ರಾಣಿ ನಿಂತುಬಿಟ್ಟಿತು. ತೇಕಿತು. ಮುಳ್ಳುಗಳನ್ನು ಮಡಚಿಕೊಂಡು, ಗೋಡೆಗೆ ಸರಿದು, ಕೂತಿತು. ಸಣ್ಣಪ್ಪ ಅದರ ಪಕ್ಕದಲ್ಲೇ ದಾಟಿಹೋದ.

ಭಾಗ್ಯಾಗೆ ಫೋನು ಮಾಡಿ ಹೇಳಿದೆ. ಹಾಗೂ ಆಗುತ್ತದೆಂದು ತನಗೆ ಗೊತ್ತೇ ಇರಲಿಲ್ಲ, ತಾನು ಯಾವಾಗಲೂ ಹೊಡೆದೇ ದಾಟಿದ್ದೆ ಎಂದಳು. ಹೊಡೆಯಲಾರದವರೂ ಒಬ್ಬರು ಆಡಲು ಬರಬಹುದು ಎಂದು ಆ ಹಿಮದೂರಿನ ಇಬ್ಬರು ಮೊದಲೇ ಯೋಚಿಸಿ ಇಟ್ಟಿದ್ದರು. ಅವರಿಗೆ ನಮ್ಮ ಅತ್ತೆ ಗೊತ್ತಿರಲಿಲ್ಲ. ಆದರೂ ಜಾಗ ಬಿಟ್ಟಿದ್ದರು.

ಮರುದಿನ ಬೆಳಿಗ್ಗೆ ಅತ್ತೆ ಜಗಲಿಯ ಮುಂದೆ ಕೂತು ಲಿಂಗ ಬಿಚ್ಚಿದರು. ನನ್ನನ್ನು ಕರೆಯಲಿಲ್ಲ. ನಾನು ಬಾಗಿಲ ಹಿಂದೆ ನಿಂತೆ, ಬಿದ್ದರೆ ಹಿಡಿಯಲು ಎಂದು. ಅಲ್ಲಿಂದ ಹೇಗೆ ಹಿಡಿಯುತ್ತಿದ್ದೆನೋ ಗೊತ್ತಿಲ್ಲ. ಅಂಗೈ ನಡುಗಿತು. ಲಿಂಗ ಹೆಬ್ಬೆರಳಿನ ಕಡೆಗೆ ಜಾರಿತು. ಹೆಬ್ಬೆರಳು ಎದ್ದು ತಡೆಯಿತು. ಆ ದಿನ ಅತ್ತೆ ಮೂರು ರೊಟ್ಟಿ ಉಂಡರು. ಎಣ್ಣೆ ಬದನೆಕಾಯಿಗೆ ಉಪ್ಪು ಕಡಿಮೆ ಎಂದರು.

ಸಂಕ್ರಾಂತಿಗೆ ಅತ್ತೆಯ ತಮ್ಮ, ನಮಗೆಲ್ಲ ಮಾವ, ಇಂಡಿಯಿಂದ ನಿಂಬೆಹಣ್ಣು ಹೊತ್ತು ಬಂದರು. ಅತ್ತೆ ನನ್ನಿಂದ ಶೇಂಗಾ ಹೋಳಿಗೆ ಮಾಡಿಸಿ, ಡಬ್ಬಿ ತುಂಬಿ, ಆಟ ಮಾಡಿದವರಿಗೆ ಮುಟ್ಟಿಸು, ಬಸ್ ಸ್ಟ್ಯಾಂಡ್ ಹತ್ತಿರ ಇರುತ್ತಾರೆ ಎಂದು ಅವರ ಕೈಗಿಟ್ಟರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಮಾವ ಒಂದು ಮಾತೂ ಕೇಳದೆ ಡಬ್ಬಿ ಒಯ್ದರು. ಶಿವರಾತ್ರಿಯ ಹೊತ್ತಿಗೆ ಖಾಲಿ ಡಬ್ಬಿ ತಂದರು.

"ಕೊಟ್ಟೆನವ್ವಾ. ಇಬ್ಬರು ಅಣ್ತಮ್ಮರು ಕಂಪ್ಯೂಟರ್ ಇಟ್ಕೊಂಡು ಕುಂತಾರ. ಛಲೋ ಆಗ್ಯಾವ ಅಂದ್ರು."

ಯಾಕೆ ಕೊಟ್ಟದ್ದೆಂದು ಅವರು ಕೇಳಲಿಲ್ಲವೇ ಎಂದು ನಾನು ಮೆಲ್ಲಗೆ ವಿಚಾರಿಸಿದೆ. ಹೋಳಿಗೆ ಕೊಟ್ಟರೆ ಯಾರಾದರೂ ಯಾಕೆಂದು ಕೇಳುತ್ತಾರೇನು ಎಂದು ಮಾವ ನನ್ನನ್ನೇ ಕೇಳಿದರು. ಹೀಗೆ ನನ್ನ ಸುಳ್ಳಿಗೆ ಇಂಡಿಯ ಬಸ್ ಸ್ಟ್ಯಾಂಡಿನಲ್ಲಿ ಮನೆ ಸಿಕ್ಕಿತು. ಹರಕೆ ತೀರಿಸಲು ಘತ್ತರಗಿಗೆ ಹೋದಾಗ ಭಾಗ್ಯವಂತಿಯ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ತಾಯಿ ಏನೂ ಅನ್ನಲಿಲ್ಲ.

ಆಮೇಲೆ ಭಾಗ್ಯಾ ಇನ್ನೂ ನಾಲ್ಕೈದು ಇಂಥವೇ ಆಟಗಳನ್ನು ಹಾಕಿಕೊಟ್ಟಳು. ಎಲ್ಲವನ್ನೂ ಅತ್ತೆಯ ಪಕ್ಕದಲ್ಲಿ ಕೂತು ನೋಡಿದ್ದೇನೆ. ಆಡುವಂಥ ಆಟ ಯಾವುದು ಎಂದು ನೀವು ಕೇಳಿದರೆ, ನನಗೆ ತಿಳಿದಷ್ಟು ಹೇಳಬಲ್ಲೆ. ಕಲ್ಲು ನಿನ್ನೆ ಇದ್ದಲ್ಲೇ ಇವತ್ತೂ ಇರಬೇಕು. ಬಿದ್ದರೆ ನಮ್ಮ ತಪ್ಪಿನಿಂದ ಬೀಳಬೇಕು. ಬಿದ್ದವನನ್ನು ಬೇಗ ಎಬ್ಬಿಸಬೇಕು, ನಗಬಾರದು. ನಮ್ಮ ಮನೆಯವರು ಫೋನಿನಲ್ಲಿ ಆಡುವ ಆಟ ಎರಡು ನಿಮಿಷಕ್ಕೊಮ್ಮೆ ನಿಂತು ಸಾಬೂನಿನ ಜಾಹೀರಾತು ತೋರಿಸುತ್ತದೆ. ಅದಕ್ಕಿಂತ ನಮ್ಮ ಎಮ್ಮೆ ನೋಡುತ್ತ ಕೂರಬಹುದು.

ಹೋದ ಕಾರ್ತಿಕದಲ್ಲಿ ಅತ್ತೆ ಲಿಂಗೈಕ್ಯರಾದರು. ಬೆಳಿಗ್ಗೆ ಪೂಜೆ ಮಾಡಿಕೊಂಡು, ಉಂಡು, ಮಲಗಿದವರು ಏಳಲಿಲ್ಲ. ನಮ್ಮಲ್ಲಿ ಕೂರಿಸಿಯೇ ಮಣ್ಣು ಕೊಡುವುದು. ಸ್ವಾಮಿಗಳು ಬಂದು ಅವರ ಎಡ ಅಂಗೈ ಬಿಡಿಸಿ ಲಿಂಗ ಇಟ್ಟರು. ಸುತ್ತ ನಿಂತವರೆಲ್ಲ ಮುಖ ನೋಡಿ ಅಳುತ್ತಿದ್ದರು, ಎಷ್ಟು ಕಳೆ ಇದೆ ಎನ್ನುತ್ತಿದ್ದರು. ನಾನು ಹೆಬ್ಬೆರಳು ನೋಡುತ್ತಿದ್ದೆ. ಅದು ಇರಬೇಕಾದಲ್ಲಿ ಇತ್ತು. ಯಾರ ಕೈಯೂ ಕೆಳಗೆ ಇರಲಿಲ್ಲ.

ರಿಮೋಟು ಎಲ್ಲಿ ಹೋಯಿತೆಂದು ಆಮೇಲೆ ನಾವು ಹುಡುಕಲಿಲ್ಲ. ಅದು ಇಲ್ಲಿತ್ತು. ಪೂಜೆಯ ಕೈಯಲ್ಲೇ ಆಟಕ್ಕೆ ಕೂರುತ್ತಿದ್ದರಲ್ಲ, ಗುಂಡಿಗಳ ಸಂದಿನಲ್ಲೆಲ್ಲ ವಿಭೂತಿ ತುಂಬಿದೆ.

ಜಗಲಿಯ ಕೆಲಸ ಅರ್ಧಕ್ಕೆ ಬಿಟ್ಟು ಲ್ಯಾಪ್‌ಟಾಪು ತೆಗೆದೆ, ವೈರು ಸಿಕ್ಕಿಸಿದೆ. ನಾನು ಈವರೆಗೆ ನೋಡಿದವಳೇ ಹೊರತು ಆಡಿದವಳಲ್ಲ. ಸಣ್ಣಪ್ಪ ಒಂದು ದೀಪಗಂಬದ ಹತ್ತಿರ, ಅತ್ತೆ ಬಿಟ್ಟಲ್ಲೇ, ಮುಂದಕ್ಕೆ ಮುಖ ಮಾಡಿ ನಿಂತಿದ್ದ. ಎಡಗೈಯಲ್ಲಿ ದೀಪ ಇತ್ತು. ನಾನು ಹೆಬ್ಬೆರಳು ಒತ್ತಿದೆ. ಮೂರು ಹೆಜ್ಜೆ ನಡೆದು, ಜಿಗಿದು, ಮುಳ್ಳಿಗೆ ಬಿದ್ದ.

"ಲಿಂಗೈಕ್ಯ ಆದ," ಅಂದೆ. ಮನೆಯಲ್ಲಿ ಯಾರೂ ಇರಲಿಲ್ಲ.

ಅವನು ಮತ್ತೆ ಎದ್ದು ನಿಂತ.

ರಿಮೋಟನ್ನು ಅದೇ ಬಟ್ಟೆಯಲ್ಲಿ ಸುತ್ತಿ, ಒರೆಸಿದ ಹಲಗೆಯ ಮೇಲೆ, ಅದೇ ಮೂಲೆಯಲ್ಲಿ ಇಟ್ಟೆ. ಭಾಗ್ಯಾಗೆ ಫೋನು ಮಾಡಿ ಇಂಡಿಯವರು ಹೊಸದೇನಾದರೂ ಮಾಡಿದ್ದಾರೇನು ಎಂದು ಕೇಳಿದೆ. ಯಾವ ಇಂಡಿಯವರು ಎಂದಳು. ಬಸ್ ಸ್ಟ್ಯಾಂಡ್ ಹತ್ತಿರದವರು ಎಂದೆ. ನನ್ನ ಎಡ ಹೆಬ್ಬೆರಳಿಗೆ ವಿಭೂತಿ ಹತ್ತಿತ್ತು. ಕೈ ತೊಳೆಯಲಿಲ್ಲ.