ಸೋಮವಾರದ ಹುರುಳಿ

ನಮ್ಮ ಮನೆಯಲ್ಲಿ ಹುರುಳಿ ಬೇಯುವುದು ಕುದುರೆಗೆ. ಕಾಳು ಅವನಿಗೆ, ಬಸಿದ ಕಟ್ಟು ನಮ್ಮ ಸಾರಿಗೆ. ಬಂದ ನೆಂಟರಿಗೆ ಇದನ್ನು ಹೇಳಲು ನನಗೆ ಮೊದಮೊದಲು ನಾಚಿಕೆಯಾಗುತ್ತಿತ್ತು. ನಮ್ಮತ್ತೆಗೆ ಯಾವ ನಾಚಿಕೆಯೂ ಇರಲಿಲ್ಲ. "ದುಡಿಯೋನು ಅವ್ನು. ಕಾಳು ಅವ್ನ್ ತಿನ್ದೆ ನೀನ್ ತಿಂತೀಯೇನಮ್ಮ?" ಎಂದು ಎಲ್ಲರೆದುರೇ ಕೇಳುತ್ತಿದ್ದರು.

ಅವನನ್ನು ಮಾಲೂರಿನ ಕಡೆ ಒಂದು ತೋಟದ ಮನೆಯಲ್ಲಿ ಶೋಕಿಗೆ ಸಾಕಿದ್ದರಂತೆ. ಶೋಕಿ ತೀರಿತು, ಮಾರಿದರು. ಮಾವಿನ ತೋಪುಗಳಿಂದ ಶ್ರೀನಿವಾಸಪುರದ ಮಂಡಿಗೆ ಕ್ರೇಟು ಸಾಗಿಸುವ ಟೈರು ಗಾಡಿಗೆಂದು ನನ್ನ ಗಂಡ ತಂದರು. ಭಾರ ಎಳೆಯುವ ಯಾವುದೋ ಪರದೇಶದ ತಳಿಗೂ ನಮ್ಮ ನಾಡು ಕುದುರೆಗೂ ಹುಟ್ಟಿದವನು. ಗೊರಸು ಊಟದ ತಟ್ಟೆಯಷ್ಟಗಲ, ಬೆನ್ನು ಜಗಲಿಯಷ್ಟಗಲ. "ಇದೇನ್ರೀ, ಕುದುರೇನಾ ಆನೆ ಮರೀನಾ?" ಎಂದು ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಅತ್ತೆ ಮಾತ್ರ ಸೀದಾ ಹೋಗಿ ಅವನ ಮುಖ ಹಿಡಿದುಕೊಂಡು "ಬಾ ನಾಯನಾ" ಎಂದರು. ಅಪ್ಪಾ, ಕಂದಾ ಎನ್ನುವ ತೆಲುಗಿನ ಆ 'ನಾಯನಾ' ಅವರ ಬಾಯಲ್ಲಿ ಮಗನಿಗೂ ಅಷ್ಟು ಸುಲಭಕ್ಕೆ ಬರುವುದಿಲ್ಲ. ಅಂದಿನಿಂದ ಅವನ ಹೆಸರೇ ಅದಾಯಿತು.

ಇಷ್ಟು ದೊಡ್ಡ ಒಡಲಿಗೆ ಎಷ್ಟು ಹಾಕಬೇಕು ಎಂದು ನಾವು ಯಾರನ್ನೂ ಕೇಳಲಿಲ್ಲ. ಅತ್ತೆಯ ಕೈಯೇ ಅಳತೆ, ಆ ಕೈ ಯಾವತ್ತೂ ಸಣ್ಣದಲ್ಲ. ಹುರುಳಿ, ಬೂಸ, ಮಿಕ್ಕ ಅಂಬಲಿ, ಮೇಲೆ ಬೆಲ್ಲ. ಮಾವಿನ ಕಾಲದಲ್ಲಿ ಗಾಡಿ ಬಿಡುವಿಲ್ಲದೆ ಓಡುತ್ತಿತ್ತು, ತಿಂದದ್ದು ಕರಗುತ್ತಿತ್ತು. ಆದರೆ ನಮ್ಮ ಕಡೆ ಸೋಮವಾರ ಎತ್ತಿಗೆ ನೊಗ ಇಡುವುದಿಲ್ಲ, ಬಸವಣ್ಣನ ವಾರ. ಅತ್ತೆ ಆ ಕಟ್ಟಳೆಯನ್ನು ಕುದುರೆಗೂ ತಂದರು. "ಎತ್ತಿಗೊಂದು ನ್ಯಾಯ, ಇವನಿಗೊಂದು ನ್ಯಾಯಾನಾ? ಇವನೂ ಭಾರ ಎಳೀತಾನಲ್ಲ!" ಸರಿ, ಸೋಮವಾರ ಅವನು ದಿನವಿಡೀ ಲಾಯದಲ್ಲೇ. ರಜೆ ಎಂದ ಮೇಲೆ ಹಬ್ಬದೂಟ ಬೇಡವೇ? ಅವತ್ತು ಹುರುಳಿ ಎರಡರಷ್ಟು.

ಒಂದು ಮಂಗಳವಾರ ಬೆಳಿಗ್ಗೆ ಗಾಡಿ ಕಟ್ಟಿಕೊಂಡು ಹೊರಟವನು ಊರ ಬಾಗಿಲು ದಾಟುವಷ್ಟರಲ್ಲಿ ನಿಂತುಬಿಟ್ಟ. ಹಿಂಗಾಲು ಮರಗಟ್ಟಿದ ಹಾಗೆ ಸೆಟೆದಿತ್ತು. ಮೈಯೆಲ್ಲ ಬೆವರು, ನಡುಕ. ಹುಯ್ದ ಉಚ್ಚೆ ಕಾಫಿ ಡಿಕಾಕ್ಷನ್ ಬಣ್ಣ. ನನ್ನ ಗಂಡ ಅಲ್ಲಿಂದಲೇ ನಮ್ಮನ್ನು ಕೂಗಿದರು. ಅತ್ತೆ ಸೆರಗು ಕಟ್ಟಿಕೊಂಡು ಓಡಿ ಬಂದು, "ಅಯ್ಯೋ, ಯಾರ ಕಣ್ ಬಿತ್ತಪ್ಪಾ! ಮೆಣಸಿನಕಾಯಿ ತಗಂಬಾರೇ!" ಎಂದು ಬೀದಿಯಲ್ಲೇ ಕೂಗಿದರು. ನನಗೆ ರೇಗಿತು. ಮೆಣಸಿನಕಾಯಿ ಆಮೇಲೆ ಸುಡೋಣ ಎಂದು ದನದ ಡಾಕ್ಟರಿಗೆ ಫೋನು ಮಾಡಿದೆ.

ಡಾಕ್ಟರು ಫೋನಿನಲ್ಲೇ "ಒಂದ್ ಹೆಜ್ಜೇನೂ ನಡೆಸ್ಬೇಡಿ" ಎಂದರು. ಗಾಡಿ ಬಿಚ್ಚಿ, ಅವನಿದ್ದಲ್ಲೇ ಚಪ್ಪರದ ಹಾಗೆ ಟಾರ್ಪಾಲು ಕಟ್ಟಿದೆವು. ಡಾಕ್ಟರು ಬಂದವರೇ ಸೂಜಿ ಚುಚ್ಚಿ, ಬಾಟಲಿಗಟ್ಟಲೆ ನೀರು ಏರಿಸಿ, ತೊಡೆ ಮುಟ್ಟಿ ನೋಡಿ ಕೇಳಿದರು: "ನೆನ್ನೆ ಏನ್ ಹಾಕಿದ್ರಿ?"

ಅತ್ತೆ ಹೆಮ್ಮೆಯಿಂದಲೇ ಎಲ್ಲ ಹೇಳಿದರು. ಬೆಲ್ಲವನ್ನೂ ಬಿಡಲಿಲ್ಲ.

"ಅಮ್ಮಾ, ಕೆಲಸ ಇಲ್ದಿದ್ ದಿನ ಆ ಕಾಳೇ ಇವನಿಗೆ ವಿಷ. ನಿಂತಲ್ಲೇ ನಿಂತು ಅಷ್ಟು ತಿಂದು, ಮಾರನೇ ದಿನ ಎಳೆಯಕ್ಕೋದ್ರೆ ಮಾಂಸಖಂಡ ಹಿಡ್ಕೊಳುತ್ತೆ. ಈ ದಪ್ಪ ತಳಿಯೋವಕ್ಕೆ ಇದು ಜಾಸ್ತಿ. ಹೊಟ್ಟೆ ತುಂಬ ಹುಲ್ಲು ಹಾಕಿ, ರಾಗಿ ಹುಲ್ಲು, ಗರಿಕೆ. ದುಡಿದ ದಿನ ಮಾತ್ರ ಒಂದಿಷ್ಟು ಕಾಳು, ಶಕ್ತಿಗೆ ಸ್ವಲ್ಪ ಕಡಲೆಕಾಯಿ ಎಣ್ಣೆ. ರಜಾ ದಿನ ಕಾಳೂ ಬೇಡ, ಬೆಲ್ಲಾನೂ ಬೇಡ. ಕಟ್ಟಿ ಹಾಕ್ಬೇಡಿ, ಸುಮ್ನೆ ಹಿಡ್ಕೊಂಡು ಓಡಾಡ್ಸಿ. ಇನ್ನೊಂದ್ಸಲ ಹಿಂಗಾದ್ರೆ ಉಳಿಸ್ಕೊಡಕ್ಕೆ ನನ್ ಕೈಲಾಗಲ್ಲ."

"ಎಣ್ಣೆನಾ? ಕುದುರೆಗೆ ಒಗ್ಗರಣೆನಾ?" ಎಂದರು ಅತ್ತೆ. ಆದರೆ ದನಿ ಕುಸಿದಿತ್ತು. ಅವರು ಟಾರ್ಪಾಲಿನ ಕೆಳಗೆ ಕೂತವರು ಏಳಲಿಲ್ಲ. ಸಂಜೆಗೆ ಉಚ್ಚೆಯ ಬಣ್ಣ ತಿಳಿಯಾಯಿತು. ಮಾರನೇ ದಿನ ಅವನು ಕುಂಟುತ್ತ ಮನೆಗೆ ನಡೆದು ಬಂದ. ನಾನು ಅವನ ಕುತ್ತಿಗೆ ತಬ್ಬಿಕೊಂಡು ಅತ್ತುಬಿಟ್ಟೆ, ಅಷ್ಟು ಮಾತ್ರ ಒಪ್ಪಿಕೊಳ್ಳುತ್ತೇನೆ.

ಗಾಡಿಗೆ ಮತ್ತೆ ಕಟ್ಟಲು ಶುರುಮಾಡಿದ ಮೇಲೆ ಬಂತು ನೋಡಿ ಮೊದಲ ಸೋಮವಾರ. ನನ್ನ ಗಂಡ ಮುಳಬಾಗಿಲಿಗೆ ಹೋಗಿದ್ದರು. ಹೋಗುವಾಗ ನನ್ನ ಕಿವಿಯಲ್ಲಿ, "ಅಮ್ಮನ ಮೇಲೆ ಒಂದ್ ಕಣ್ಣಿಟ್ಟಿರು" ಎಂದರು. ಹೆತ್ತಮ್ಮನನ್ನು ಕಾಯಲು ಸೊಸೆ ಬೇಕಂತೆ! ಹುರುಳಿ ಡಬ್ಬವನ್ನು ಎತ್ತಿ ಅಟ್ಟದ ಮೇಲಿಟ್ಟು ಕಾವಲು ಕೂತೆ.

ಹುರುಳಿಯ ಹೊತ್ತಿಗೆ ಸರಿಯಾಗಿ ನಾಯನ ಶುರುಮಾಡಿದ. ಮುಂದಿನ ಹುಲ್ಲು ಮೂಸಿ ಬಿಟ್ಟ, ಖಾಲಿ ಬಾನಿಯನ್ನು ಗೊರಸಿನಿಂದ ಒದ್ದ, ಅಡುಗೆಮನೆ ಕಡೆ ಮುಖ ಮಾಡಿ ಕೆನೆದ. ಆ ದನಿಗೆ ಕಲ್ಲೂ ಕರಗಬೇಕು. ಅತ್ತೆ ಸೆರಗಿನಿಂದ ಕಿವಿ ಮುಚ್ಚಿಕೊಂಡರು. ಆಮೇಲೆ ನನ್ನ ಮೇಲೆ ತಿರುಗಿದರು. "ಒಂದೇ ಒಂದು ಹಿಡಿ ಕೊಡೇ. ನಿಂಗೇನು ಕರುಳಿಲ್ವಾ?"

"ಕರುಳಿರೋದಕ್ಕೇ ಕೊಡ್ತಿಲ್ಲ, ಸುಮ್ನಿರಿ ಅತ್ತೆ!" ಎಂದು ನಾನೂ ಗದರಿದೆ. ಅವರ ಕಣ್ಣು ತುಂಬಿತು. ನನ್ನ ಬಾಯಿಗಿಷ್ಟು ಬೆಂಕಿ ಬೀಳ ಎಂದುಕೊಂಡೆ, ಆದರೆ ಡಬ್ಬ ಇಳಿಸಲಿಲ್ಲ.

ಮಧ್ಯಾಹ್ನ ಮುದ್ದೆ ಮಾಡಿ ಕರೆದೆ. ಹಸಿವಿಲ್ಲ ಎಂದರು. ಮತ್ತೆ ಕರೆದೆ, ತಟ್ಟೆಯನ್ನು ಪಕ್ಕಕ್ಕೆ ತಳ್ಳಿದರು. ಇಳಿಹೊತ್ತಿನಲ್ಲಿ ನೋಡಿದರೆ ಮನೆಯಲ್ಲಿಲ್ಲ. ಅಟ್ಟದ ಡಬ್ಬ ಇದ್ದಲ್ಲೇ ಇತ್ತು. ಅಂಗಡಿಯಿಂದ ಬೆಲ್ಲ ತಂದು ತಿನ್ನಿಸುತ್ತಿದ್ದಾರೆಂದು ಲಾಯಕ್ಕೆ ಓಡಿದೆ, ಬಾಯಲ್ಲಿ ಬೈಗುಳ ಸಿದ್ಧವಾಗಿತ್ತು.

ಅತ್ತೆಯ ಕೈಯಲ್ಲಿ ಹಗ್ಗ ಮಾತ್ರ ಇತ್ತು. ಮೊಣಕಾಲು ನೋವೆಂದು ನೀರು ತರಲೂ ಏಳದವರು ಅವನನ್ನು ಓಡಾಡಿಸಲು ಬಿಚ್ಚುತ್ತಿದ್ದರು. ಅವನು ಅವರ ಮಡಿಲನ್ನು, ಕೈಗಳನ್ನು, ಸೆರಗಿನ ಗಂಟನ್ನು ಹುಡುಕುತ್ತಿದ್ದ. ಎಲ್ಲೂ ಏನೂ ಇರಲಿಲ್ಲ.

"ನಾನೂ ತಿಂದಿಲ್ಲ ಕಣೋ ನಾಯನಾ," ಎಂದರು ಅತ್ತೆ. "ಸುಳ್ಳು ಅಂದ್ರೆ ನನ್ ಬಾಯಿ ಮೂಸ್ ನೋಡು."

ಅವನು ತಲೆ ಬಗ್ಗಿಸಿ, ನಿಧಾನವಾಗಿ, ಅವರ ಬಾಯಿ ಮೂಸಿದ. ಆಮೇಲೆ ಅವರ ಹಿಂದೆ ನಡೆದ.